ಎಡೆಗೆ ತಲೆಮಾಂಸ

ಮಹಾಲಯ ಅಮಾವಾಸ್ಯೆ ಭಾನುವಾರ ಬಂದಿತ್ತು. ಹೇಗ್ ನಗರದ ಪಕ್ಕದ ವೂರ್‌ಬರ್ಗ್‌ನಲ್ಲಿ ಅಂದು ಸೂರ್ಯ ಮುಳುಗುವುದು ಏಳೂ ಮುಕ್ಕಾಲಿಗೆ. ಅಷ್ಟರೊಳಗೆ ಅಪ್ಪನಿಗೆ ಎಡೆ ಇಡಬೇಕು, ಎಡೆಯಲ್ಲಿ ತಲೆಮಾಂಸ ಇರಲೇಬೇಕು ಎಂದು ಶಮಂತ್ ಹಟ ಹಿಡಿದಿದ್ದ. ಅಪ್ಪ ಈಶ್ವರಪ್ಪ ತೀರಿಕೊಂಡು ಹದಿಮೂರು ತಿಂಗಳಾಗಿತ್ತು. ವಾಸದ ಪರ್ಮಿಟ್ ನವೀಕರಣದಲ್ಲಿ ಸಿಕ್ಕಿಕೊಂಡಿದ್ದ ಮಗ ಅಪ್ಪನ ಮಣ್ಣಿಗೆ ಹೋಗಿರಲಿಲ್ಲ. ಈಗ ಅವರ ಹೆಸರಿನಲ್ಲಿ ಮಾಡುತ್ತಿರುವ ಮೊದಲ ಹಬ್ಬವಿದು. ಎಲ್ಲರೂ ತೊಡೆಮಾಂಸಕ್ಕೆ ಕೈಚಾಚಿದಾಗ ಕೆನ್ನೆ, ನಾಲಿಗೆ ಕೇಳಿ ಹಾಕಿಸಿಕೊಳ್ಳುತ್ತಿದ್ದ ಮನುಷ್ಯ ಅವರು.

ಹೇಗ್‌ನ ಮೊರೊಕ್ಕೊ ಮೂಲದ ಕಸಾಯಿ ಒಂದು ಕಾಲದಲ್ಲಿ ಕುರಿಮರಿಯ ತಲೆಗಳನ್ನು ಪುಕ್ಕಟೆ ಕೊಡುತ್ತಿದ್ದ. ಹಾಗಾಗಿ ತಲೆಗೆ ಕೂಡ ಮುಂಗಡ ಹೇಳಿಡಬೇಕೆಂದು ಶಮಂತ್‌ಗೆ ಹೊಳೆದಿರಲಿಲ್ಲ.

"ಎಲ್ಲಾ ಹೋಯ್ತು," ಎಂದ ಕಸಾಯಿ. "ಕಾಲುವೆ ಪಕ್ಕದ ರೆಸ್ಟೊರೆಂಟ್‌ನವರು ವಾರವಾರ ಅಷ್ಟನ್ನೂ ಒಯ್ಯುತ್ತಾರೆ. ನಿಮ್ಮ ಬಡವರ ಊಟ ಈಗ ಫ್ಯಾಷನ್ನು. ತೊಡೆ ಬೇಕಾ? ಅದನ್ನ ಕೇಳೋರಿಲ್ಲ."

ಇನ್ನೂ ಮೂರು ಅಂಗಡಿ ಸುತ್ತಿದ. ಎರಡರಲ್ಲಿ ಇರಲಿಲ್ಲ, ಒಂದು ಮುಚ್ಚಿತ್ತು. ಹೆಂಡತಿ ಸುಪ್ರೀತಾ ಫೋನ್ ಮಾಡಿದಳು.

"ರೀ, ಚಿಕನ್ ಸಾರು ಆಗಿದೆ, ಮುದ್ದೆ ಆಗಿದೆ. ಮಾವ ಏನು ಮೆನು ಕಾರ್ಡ್ ಹಿಡ್ಕೊಂಡು ಬರ್ತಾರಾ? ಬನ್ನಿ ಸಾಕು."

"ಹೋದ್ವರ್ಷ ಮಣ್ಣು ಹಾಕೋಕೂ ಹೋಗ್ಲಿಲ್ಲ ಕಣೇ."

ಫೋನ್ ಜೇಬಿಗಿಟ್ಟು ಕಾಲುವೆಯ ಕಡೆ ನಡೆದ.

ರೆಸ್ಟೊರೆಂಟ್ ಇನ್ನೂ ತೆರೆದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಹಸಿ ತಲೆ ಕೊಡಿ ಎಂದು ಶಮಂತ್ ಬೇಡಿಕೊಂಡ. ಹಸಿಯದು ಒಂದೂ ಉಳಿದಿರಲಿಲ್ಲ, ಎಲ್ಲವೂ ನಿನ್ನೆಯಿಂದ ಬೇಯುತ್ತಿದ್ದವು. ತೀರಿಹೋದ ತಂದೆಗೆ ಎಂದು ಕೇಳಿದ ಮೇಲೆ ಬಾಣಸಿಗನ ಮುಖ ಮೆತ್ತಗಾಯಿತು. ಡಬ್ಬಿ ತಂದ. ಪಾತ್ರೆಯಿಂದ ಒಂದು ಚಮಚ ಎತ್ತಿ ಬಾಯಿಗಿಟ್ಟು, ತಲೆಯಾಡಿಸಿ, ಅದೇ ಚಮಚವನ್ನು ಮತ್ತೆ ಒಳಗೆ ಅದ್ದಿ ಕೆನ್ನೆಯ ಮಾಂಸವನ್ನು ಡಬ್ಬಿಗೆ ತುಂಬಿದ. ದುಡ್ಡು ಬೇಡವೆಂದ.

ಎಂಜಲು. ಆದರೂ ಶಮಂತ್ ಕೈಚಾಚಿ ಡಬ್ಬಿ ತೆಗೆದುಕೊಂಡ. ಆಗಲೇ ಆರೂವರೆ.

ಟ್ರ್ಯಾಮ್‌ನಲ್ಲಿ ಡಬ್ಬಿ ತೊಡೆಯನ್ನು ಸುಡುತ್ತಿತ್ತು. ಊರಿನಲ್ಲಿ ಎಡೆಯ ಅಡುಗೆಗೆ ಉಪ್ಪು ಸರಿಯಿದೆಯಾ ಎಂದು ನೋಡಲೂ ಅವ್ವ ಯಾರನ್ನೂ ಬಿಡುತ್ತಿರಲಿಲ್ಲ.

"ಅಬ್ಬಾ, ಸಿಕ್ತಲ್ಲ," ಎಂದಳು ಸುಪ್ರೀತಾ. ಅವಳ ಮುಖ ಅರಳಿದ್ದು ನೋಡಿ ಅವನು ಎಂಜಲಿನ ಮಾತೆತ್ತದೆ ಡಬ್ಬಿಯನ್ನು ಅವಳ ಕೈಗಿತ್ತ. ಎಲೆಯ ಮೇಲೆ ಮುದ್ದೆ, ಸಾರು, ಮಾಂಸ ಬಡಿಸಿದರು. ಪಕ್ಕದಲ್ಲಿ ಹೊಸ ಪಂಚೆ, ಬೀಡಿಕಟ್ಟು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಇಬ್ಬರೂ ಹೊರಗೆ ಬಂದು ಕೋಣೆಯ ಬಾಗಿಲು ಎಳೆದುಕೊಂಡರು.

ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು. ಸುಪ್ರೀತಾ ಕೈ ಮುಗಿದು ನಿಂತಿದ್ದಳು.

ಶಮಂತ್ ಬಾಗಿಲಿಗೆ ಹಣೆ ಹಚ್ಚಿದ.

"ಅಪ್ಪಾ," ಎಂದ, "ಅದನ್ನ ಮುಟ್ಬೇಡಿ. ಎಂಜಲು."