ಗೋಡೆಯಿಂದ ಕಿತ್ತ ಕಲ್ಲು

ಹಾರೆಯ ಸದ್ದು ಕೇಳಿದಾಗ, ಯಾರೋ ಪೈಪು ಹಾಕಿಸುತ್ತಿದ್ದಾರೆ ಎಂದುಕೊಂಡಳು ಮಂಗಳಮ್ಮ. ಅಕ್ಕಿಯ ಡಬ್ಬ ಸೊಂಟಕ್ಕಿಟ್ಟುಕೊಂಡು ಲಕ್ಷ್ಮೀಪುರಂನ ಆ ತಿರುವು ದಾಟಿದವಳು ಅಲ್ಲೇ ನಿಂತುಬಿಟ್ಟಳು. ಹಾರೆ ಬೀಳುತ್ತಿದ್ದದ್ದು ಪ್ರೇಮಲೀಲಾ ಟೀಚರ್ ಮನೆಯ ಗೋಡೆಗೆ. ಗೋಡೆಯಲ್ಲಿದ್ದ ಅಮೃತಶಿಲೆಯ ಹಲಗೆ ಬೀಳುವ ಹಲ್ಲಿನ ಹಾಗೆ ಅಲುಗಾಡುತ್ತಿತ್ತು.

ಅದರ ಮೇಲಿನ ಬರಹ ಇಡೀ ಬೀದಿಗೆ ಬಾಯಿಪಾಠ: ‘ಸಿದ್ದಮಲ್ಲಪ್ಪ ಸ್ಮಾರಕ ದಾಸೋಹ ಮನೆ. ರೋಗಿಗಳ ಕಡೆಯವರಿಗಾಗಿ.’

ಸಿದ್ದಮಲ್ಲಪ್ಪ ಅಂದರೆ ಟೀಚರ್ ಅವರ ಗಂಡ. ಅವರು ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾಗ, ಹಳ್ಳಿಗಳಿಂದ ರೋಗಿಗಳ ಜೊತೆ ಬಂದವರು ಒಂದು ಲೋಟ ಗಂಜಿ ಕಾಯಿಸಲು ಜಾಗವಿಲ್ಲದೆ ಅಲೆಯುವುದನ್ನು ಟೀಚರ್ ಕಂಡಿದ್ದರು. ಗಂಡ ತೀರಿಕೊಂಡ ಮೇಲೆ, ತಮ್ಮ ಸಂಬಳದಲ್ಲೇ ಕಟ್ಟಿದ ಮನೆಯ ಮುಂಭಾಗವನ್ನು ಅಂಥವರಿಗೆ ಬಿಟ್ಟುಕೊಟ್ಟರು. ಒಲೆ, ಪಾತ್ರೆ, ಅಕ್ಕಿ ಎಲ್ಲ ಅಲ್ಲೇ. ಯಾರು ಬೇಕಾದರೂ ಬೇಯಿಸಿಕೊಂಡು ಹೋಗಬಹುದು. ಬೆಳಗ್ಗೆ ಬಂದು ಒಲೆ ಹಚ್ಚುವುದು ಮಂಗಳಮ್ಮನ ಪಾಲಿನ ಕೆಲಸ.

ಟೀಚರ್‌ಗೆ ಮಕ್ಕಳಿರಲಿಲ್ಲ. “ನನ್ನ ನಂತರ ಈ ಮನೆ ಪೂರ್ತಿ ದಾಸೋಹಕ್ಕೇ” ಎಂದು ಮಠದ ಸ್ವಾಮಿಗಳ ಎದುರು ಹೇಳಿ, ಕಲ್ಲು ಕೆತ್ತಿಸಿ, ಅವರ ಕೈಯಿಂದಲೇ ಅದರ ಅನಾವರಣ ಮಾಡಿಸಿದ್ದರು. ಆವತ್ತು ಮಂಗಳಮ್ಮನ ಪಕ್ಕದ ಮನೆಯ ವಕೀಲೆ ವರ್ಷಿಣಿ, “ಟೀಚರ್, ಒಂದು ವಿಲ್ ಬರೆದಿಟ್ಬಿಡಿ” ಎಂದಿದ್ದಳು.

“ಕಲ್ಲಲ್ಲಿ ಕೆತ್ತಿಸಿದೀನಿ, ಗುರುಗಳ ಮುಂದೆ ಹೇಳಿದೀನಿ. ಅದಕ್ಕಿಂತ ಗಟ್ಟಿ ಕಾಗದ ಯಾವುದಮ್ಮ?” ಎಂದು ಟೀಚರ್ ನಕ್ಕಿದ್ದರು. ಎಲ್ಲರೂ ನಕ್ಕಿದ್ದರು.

ಹೋದ ತಿಂಗಳು ಟೀಚರ್ ತೀರಿಕೊಂಡರು. ಇವತ್ತು ಹಾರೆ ಬಂದಿದೆ.

“ಯಾರ್ರೀ ಅದು! ಕಲ್ಲು ಮುಟ್ಬೇಡಿ!”

ಒಳಗಿಂದ ಬಂದವನು ಮುಜುಗರದಿಂದಲೇ ಕೈ ಮುಗಿದ. “ನಾನು ವಿಶ್ವನಾಥ್. ಸಿದ್ದಮಲ್ಲಪ್ಪನವರು ನಮ್ಮ ದೊಡ್ಡಪ್ಪ. ನಾವು ಅಣ್ಣತಮ್ಮಂದಿರು ಮನೆ ಮಾರೋದು ಅಂತ ಆಗಿದೆ.”

“ಟೀಚರ್ ಹೇಳಿದ್ದನ್ನ ಇಡೀ ಬೀದಿ ಕೇಳಿದೆ ಕಣ್ರೀ!”

“ಕೇಳಿರಬಹುದಮ್ಮ. ನಾನು ಇಲ್ಲ ಅಂತಿಲ್ಲ. ನಾನೊಬ್ಬ ಬಿಟ್ಟುಕೊಟ್ಟರೆ ಮಿಕ್ಕವರು ಸುಮ್ನಿರ್ತಾರಾ? ದೊಡ್ಡಮ್ಮ ಸೈನ್ ಮಾಡಿದ ಒಂದು ಕಾಗದ ಇದ್ರೆ ತೋರ್ಸಿ.”

ಮಂಗಳಮ್ಮ ಕಲ್ಲಿನ ಕಡೆ ಬೆರಳು ತೋರಿಸಿದಳು. ಅಷ್ಟು ಹೊತ್ತಿಗೆ ಅದು ಗೋಡೆ ಬಿಟ್ಟು ಕೆಲಸದವರ ಕೈಗೆ ಬಂದಿತ್ತು.

ಹಿಂದಿನಿಂದ ಒಂದು ದನಿ. “ಅಕ್ಕ, ಒಲೆ ಹಚ್ಚಿಲ್ವಾ? ಆಸ್ಪತ್ರೇಲಿ ನಮ್ಮೆಜಮಾನ್ರು ರಾತ್ರಿಯಿಂದ ಏನೂ ತಿಂದಿಲ್ಲ.” ಎಚ್.ಡಿ. ಕೋಟೆ ಕಡೆಯಿಂದ ಬಂದಿದ್ದ ತಿಮ್ಮಮ್ಮ, ಕೈಯಲ್ಲಿ ಖಾಲಿ ಕ್ಯಾರಿಯರ್.

ಮಂಗಳಮ್ಮ ವಿಶ್ವನಾಥ್‌ನನ್ನು ಕೇಳಿ ಕಲ್ಲನ್ನು ಆಟೋದಲ್ಲಿ ಹಾಕಿಸಿಕೊಂಡು, ತಿಮ್ಮಮ್ಮನನ್ನೂ ಕೂರಿಸಿಕೊಂಡು ಮನೆಗೆ ಬಂದಳು. ತಿಮ್ಮಮ್ಮ ಅವಳ ಅಡುಗೆಮನೆಯಲ್ಲೇ ಗಂಜಿ ಕಾಯಿಸಿಕೊಂಡು ಹೋದಳು. ಸುದ್ದಿ ಕೇಳಿ ವರ್ಷಿಣಿ ಓಡಿಬಂದಳು.

“ಕಾಯಿಲೆಗೆ ಬರಲಿಲ್ಲ, ಕಷ್ಟಕ್ಕೆ ಬರಲಿಲ್ಲ. ಅವರಿಗೆಂಗೆ ಹೋಯ್ತದೆ ಮನೆ? ಟೀಚರ್ ಒಡಹುಟ್ಟಿದ ತಂಗಿ ಶಾರದ ಇದಾರಲ್ಲ?” ಎಂದಳು ಮಂಗಳಮ್ಮ.

“ಮಕ್ಕಳಿಲ್ಲದ ಹಿಂದೂ ವಿಧವೆ ವಿಲ್ ಬರೀದೆ ತೀರ್ಕೊಂಡ್ರೆ, ಅವರ ದುಡಿಮೆಯ ಆಸ್ತಿ ಮೊದಲು ಗಂಡನ ಕಡೆ ವಾರಸುದಾರರಿಗೆ ಹೋಗುತ್ತೆ ಆಂಟಿ. ತಂಗಿ ಸರದಿ ಅವರೆಲ್ಲ ಆದ್ಮೇಲೆ.”

“ಅವರೇ ದುಡಿದಿದ್ದೂ?”

“ಅವರೇ ದುಡಿದಿದ್ದೂ.”

ಮಂಗಳಮ್ಮನ ಕೈಯಲ್ಲಿ ಕಾಫಿ ಆರಿಹೋಯಿತು. “ಬ್ಯಾಂಕಲ್ಲಿ ಅಕ್ಕಿಗೆ ಅಂತ ಇಟ್ಟಿದ್ದ ದುಡ್ಡಿಗೆ ನನ್ನನ್ನೇ ನಾಮಿನಿ ಮಾಡಿದ್ರು. ಅದಾದ್ರೂ...”

“ನಾಮಿನಿ ಅಂದ್ರೆ ಬ್ಯಾಂಕಿನಿಂದ ಕೈಗೆ ತಗೊಳೋರು ಅಷ್ಟೆ. ಹಕ್ಕು ವಾರಸುದಾರರದ್ದೇ.”

“ಅಯ್ಯೋ ಶಿವನೇ!”

ಮಂಗಳಮ್ಮನ ಗಂಡ ಬಸವರಾಜು ಪೇಪರ್ ಮಡಚಿದ. “ಸಾಕು ಬುಡಿ. ವಿಲ್ಲು ಗಿಲ್ಲು ಅಂತ ಮನೇಲಿ ಮಾತಾಡ್ಬೇಡಿ. ಬರೆದೋರೆಲ್ಲ ಬೇಗ ಹೋಯ್ತಾರೆ.”

“ಟೀಚರ್ ಬರೀಲೇ ಇಲ್ಲ ಕಣ್ರೀ. ಹೋಗ್ಲಿಲ್ವಾ? ಒಲೆ ಇನ್ಮೇಲೆ ನಮ್ಮನೇಲೇ ಉರೀಲಿ, ಅದನ್ನ ನಾನು ಬರೆದೇ ಇಡ್ತೀನಿ.”

ಬಸವರಾಜು ಮಡಚಿದ ಪೇಪರನ್ನು ಮತ್ತೆ ಬಿಚ್ಚಿದ. ಅದರ ಹಿಂದಿನಿಂದಲೇ ಕೇಳಿದ: “ಇರೋದು ಒಂದು ಮನೆ, ಒಬ್ಬ ಮಗ. ದಾನ ಕೊಟ್ಟು ಪ್ರಸಾದ್‌ನ ಬೀದಿಗೆ ಹಾಕೋಣ್ವಾ?”

“ಎಲ್ಲ ಕೊಡಿ ಅಂತ ಯಾರು ಅಂದ್ರು ಅಂಕಲ್?” ವರ್ಷಿಣಿ ನಕ್ಕಳು. “ಆಂಟಿ ಮೆಸ್ ನಡೆಸಿ ತಾವೇ ತಗೊಂಡ ಜಾಗ ಇದು. ಮನೆ ಮಗನಿಗೆ, ಹಿತ್ತಲ ಔಟ್‌ಹೌಸ್ ದಾಸೋಹಕ್ಕೆ ಅಂತ ಬರೀಬಹುದು. ಬದುಕಿರೋವರೆಗೂ ಎಲ್ಲ ಅವರದ್ದೇ. ಮನಸ್ಸು ಬದಲಾದ್ರೆ ವಿಲ್ಲೂ ಬದಲಾಯಿಸಬಹುದು.”

“ಛಾಪಾ ಕಾಗದ ಬೇಕಾ?” ಎಂದ ಬಸವರಾಜು.

“ಬೇಡ, ಬಿಳಿ ಹಾಳೆ ಸಾಕು. ಆಂಟಿ ಸೈನ್ ಮಾಡೋದನ್ನ ಇಬ್ಬರು ಸಾಕ್ಷಿ ನೋಡಿ, ಆಂಟಿ ಎದುರೇ ತಾವೂ ಸೈನ್ ಮಾಡ್ಬೇಕು. ಪಾಲು ಬರೋರನ್ನ ಸಾಕ್ಷಿ ಹಾಕ್ಬೇಡಿ. ರಿಜಿಸ್ಟ್ರಿ ಕಡ್ಡಾಯ ಅಲ್ಲ, ಮಾಡಿಸಿದ್ರೆ ಕ್ಷೇಮ. ಬರೀ ‘ದಾಸೋಹಕ್ಕೆ’ ಅಂದ್ರೆ ಯಾರ ಕೈಗೆ ಕೊಡೋದು? ಅದಕ್ಕೆ ನೋಂದಣಿಯಾದ ಟ್ರಸ್ಟಿನ ಹೆಸರು ಹಾಕಿ. ನಿಮ್ಮ ನಂತರ ಅದನ್ನ ನಡೆಸಿಕೊಡೋಕೆ ನಂಬಿಕಸ್ಥರೊಬ್ಬರ ಹೆಸರೂ ಇರಲಿ.”

ಸಂಜೆ ಕೆಲಸದಿಂದ ಬಂದ ಪ್ರಸಾದ್ ಎಲ್ಲ ಕೇಳಿಸಿಕೊಂಡ. “ಔಟ್‌ಹೌಸಲ್ಲಿ ನನ್ನ ಹಳೇ ಸೈಕಲ್ ಬಿಟ್ರೆ ಏನಿದೆಯಮ್ಮ? ಕೊಡು. ಆದ್ರೆ ಬರೆದೇ ಕೊಡು. ನೀನಿಲ್ಲದಾಗ ಯಾರೋ ಬಂದು ‘ನಿಮ್ಮಮ್ಮ ಹಿಂಗಂದಿದ್ರು’ ಅಂದ್ರೆ, ನಾನೂ ಆ ವಿಶ್ವನಾಥ್ ತರಾನೇ ಕಾಗದ ಕೇಳ್ತೀನೇನೋ.”

ಬೆಳಗಿನಿಂದ ಕಂಡಿದ್ದೆಲ್ಲಕ್ಕಿಂತ ಜೋರಾಗಿ ಮಂಗಳಮ್ಮನ ಎದೆಗೆ ಬಿದ್ದದ್ದು ಈ ಮಾತು. ತಾನೇ ಹೆತ್ತ ಮಗ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನೆರೆಹೊರೆಯವರೂ ಶಾರದಮ್ಮನೂ ಸೇರಿ ಒಂದು ಪುಟ್ಟ ಟ್ರಸ್ಟ್ ನೋಂದಣಿ ಮಾಡಿಸಿದರು. ಔಟ್‌ಹೌಸಿನಲ್ಲಿ ಒಲೆ ಹೊತ್ತಿತು. ಕಲ್ಲನ್ನು ಅದರ ಗೋಡೆಗೆ ಕೂರಿಸೋಣವೆಂದು ಮಂಗಳಮ್ಮ ಅವಸರ ಮಾಡಿದಾಗ ತಡೆದವನು ಬಸವರಾಜು.

“ತಡಿ ಮಾರಾಯ್ತಿ. ಮೊದ್ಲು ನಿನ್ನ ವಿಲ್ ರಿಜಿಸ್ಟ್ರಿ ಆಗ್ಲಿ. ಆಮೇಲೆ ಕಲ್ಲು.”

ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ವಾಪಸು ಬಂದ ದಿನ ಅವನೇ ಸಿಮೆಂಟ್ ಕಲಸಿದ. ಕಲ್ಲಿನ ಒಂದು ಮೂಲೆ ಮುರಿದಿತ್ತು. ಅದನ್ನು ಹಾಗೇ ಕೂರಿಸಿದರು. ಕೆಳಗೆ ತಿಮ್ಮಮ್ಮನ ಗಂಜಿ ಕುದಿಯುತ್ತಿತ್ತು.

ಇದನ್ನು ಓದುತ್ತಿರುವ ನಿಮ್ಮ ಮನಸ್ಸಿನಲ್ಲೂ ಒಂದು ಒಳ್ಳೆಯ ಆಸೆ ಇರಬಹುದು. ಶಾಲೆಗೊಂದು ಕೋಣೆ, ಬಡ ಮಕ್ಕಳ ಓದಿಗೊಂದು ಪಾಲು, ಯಾರದೋ ಹಸಿವಿಗೊಂದು ಒಲೆ. ಅದನ್ನು ಹತ್ತು ಜನರ ಮುಂದೆ ಹೇಳಿದ್ದೀರಾ? ಸಂತೋಷ. ಈಗ ಮನೆಯವರನ್ನು ಕೂರಿಸಿಕೊಂಡು ಮಾತಾಡಿ, ತಿಳಿದ ವಕೀಲರನ್ನು ಕೇಳಿ. ಫೀಸಿಗೆ ಕಷ್ಟವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಕೈ ಗಟ್ಟಿಯಿರುವಾಗಲೇ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ. ನಾಳೆ ನಿಮ್ಮ ಬಾಗಿಲಲ್ಲಿ ಯಾರೋ ಖಾಲಿ ಕ್ಯಾರಿಯರ್ ಹಿಡಿದು ನಿಂತಾಗ, ಒಲೆ ಹೊತ್ತಿರಲಿ.