ಕೆನ್ನೆಯ ಎತ್ತರಕ್ಕೆ

ಬೇಸಿಗೆ ರಜೆಯಲ್ಲಿ ಶಾಲಾ ಮಂಡಳಿಯವರು ಚಿಕ್ಕಮಕ್ಕಳ ತರಗತಿಯ ಆಯಾ ಓರಾಳನ್ನು ಕೆಲಸದಿಂದ ತೆಗೆದರು. ಅವಳ ಸಂಬಳದ ಹಣದಲ್ಲಿ ಮೂವರು ಶಿಕ್ಷಕರಿಗೆ ಪಿಸ್ತೂಲು ಕೊಡಿಸಿದರು.

ಆ ಮೂವರು ಯಾರೆಂಬುದು ಗುಟ್ಟು. ಟೆಕ್ಸಸ್ಸಿನ ಕಾನೂನೇ ಹಾಗೆ: ಪರವಾನಗಿ ಉಂಟು, ಪಿಸ್ತೂಲು ಉಂಟು, ಹೆಸರು ಮಾತ್ರ ಇಲ್ಲ. ಹತ್ತಿ ಮಿಲ್ಲಿನ ಮುಂದೆ ಹರಟುವ ಗಂಡಸರಿಗೂ ಗೊತ್ತಿರಲಿಲ್ಲ, ಚರ್ಚಿನ ಹೆಂಗಸರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಐದು ವರ್ಷದ ಮಕ್ಕಳಿಗೆ. ಅಂಗಿಯೊಳಗೆ ಸೊಂಟಕ್ಕೆ ಕಟ್ಟಿದ್ದನ್ನು ದೊಡ್ಡವರ ಕಣ್ಣಿನಿಂದ ಮರೆಮಾಡಬಹುದು. ಬೆಳಿಗ್ಗೆ ಓಡಿಬಂದು ತಬ್ಬಿಕೊಳ್ಳುವ ಮಗುವಿನ ಕೆನ್ನೆ ಬಡಿಯುವುದು ಸರಿಯಾಗಿ ಅಲ್ಲಿಗೇ ಎಂಬುದು ಕಾನೂನು ಬರೆದ ಯಾವ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ.

"ಮಿಸ್ ವರ್ನಾ, ನಿಮ್ಮ ಹೊಟ್ಟೇಲಿ ಕಲ್ಲಿದೆ," ಎಂದಿದ್ದಳು ಪುಟ್ಟ ಜೋಸಿ, ಕೆನ್ನೆ ಉಜ್ಜಿಕೊಳ್ಳುತ್ತ. ಅಂದಿನಿಂದ ಚಿಕ್ಕಮಕ್ಕಳ ಶಿಕ್ಷಕಿ ವರ್ನಾ ಮಕ್ಕಳನ್ನು ಅಪ್ಪಿಕೊಳ್ಳುವುದನ್ನೇ ಬಿಟ್ಟಳು.

ಷೆರಿಫ್‌ನ ಪೊಲೀಸರು ಬಂದು ಮುಟ್ಟಲು ಮುಕ್ಕಾಲು ಗಂಟೆ ಬೇಕಾದ ಊರು ಅದು. ಹಾಗಾಗಿ ಗುಂಡಿನ ಸದ್ದಾದರೆ ಪಿಸ್ತೂಲಿದ್ದವರು ಮಕ್ಕಳನ್ನು ಒಳಗೆ ಬಿಟ್ಟು, ಬೀಗ ಹಾಕಿ, ಸದ್ದಿನ ಕಡೆಗೆ ಓಡಬೇಕು. ಹೋದ ತಿಂಗಳ ಅಣಕು ದಾಳಿಯಲ್ಲಿ ವರ್ನಾ ಓಡಿದಳು, ಕೈಯಲ್ಲಿ ರಬ್ಬರಿನ ನೀಲಿ ಪಿಸ್ತೂಲು. ಓರಾ ಇದ್ದಿದ್ದರೆ ಮಕ್ಕಳನ್ನು ಹಿಡಿದು ಕೂರುತ್ತಿದ್ದಳು. ಇರಲಿಲ್ಲ. ಹಿಂದೆ ಹೆಜ್ಜೆ ಸದ್ದಾಯಿತು. ವರ್ನಾ ಗಿರಕ್ಕನೆ ತಿರುಗಿ ಟ್ರಿಗರ್ ಒತ್ತಿದಳು.

ಎದುರಿಗೆ ಜೋಸಿ. ಒಳಗಿನಿಂದ ಹಿಡಿ ತಿರುವಿದರೆ ತೆರೆಯುವ ಬಾಗಿಲು; ತೆಗೆದುಕೊಂಡು ಹಿಂದೆಯೇ ಬಂದಿದ್ದಳು.

"ಅದು ರಬ್ಬರು ಕಣೇ," ಎಂದ ಮುಖ್ಯೋಪಾಧ್ಯಾಯ ಡೆಲ್ಬರ್ಟ್. ಇಬ್ಬರೂ ಇದೇ ಶಾಲೆಯಲ್ಲಿ ಒಟ್ಟಿಗೆ ಓದಿದವರು.

"ಒತ್ತಿದ ಬೆರಳು ರಬ್ಬರಲ್ಲ, ಡೆಲ್."

"ಬುಡುಬುಡಿಕೆ ಹಾವಿಗೆ ಗುಂಡು ಹೊಡೆಯೋದ್ರಲ್ಲಿ ಊರಿಗೇ ಎತ್ತಿದ ಕೈ ನಿಂದು. ಈಗೇನು ಅಳುಮುಂಜಿ ಥರ?"

"ಯಾವ ಹಾವೂ 'ಮಿಸ್, ಮಿಸ್' ಅಂತ ನನ್ನ ಹಿಂದೆ ಓಡಿ ಬಂದಿಲ್ಲ. ಓರಾನ ವಾಪಸ್ ಕರೆಸು. ಇಲ್ಲಾಂದ್ರೆ ಈ ಪಿಸ್ತೂಲು ನೀನೇ ಇಟ್ಕೋ."

"ಕೊಟ್ಟು ನೋಡು, ನಿನ್ನ ಕೆಲಸಾನೂ ಹೋಗುತ್ತೆ. ಮಕ್ಕಳಿಗೆ ಬುದ್ಧಿ ಹೇಳು. ಬೀಗ ಬಿದ್ದ ಮೇಲೆ ಯಾರು ಕರೆದ್ರೂ ಬಾಗಿಲು ತೆಗೀಬಾರ್ದು. ನಾನೇ ಕರೆದ್ರೂ ಅಷ್ಟೆ. ಬಾಯಿಪಾಠ ಮಾಡ್ಸು."

ಮಾಡಿಸಿದಳು. ಆದರೆ ಬೆನ್ನ ಹಿಂದೆ ಪುಟ್ಟ ಹೆಜ್ಜೆ ಕೇಳಿದರೆ ಸಾಕು, ಬಲಗೈ ತಾನಾಗಿ ಸೊಂಟಕ್ಕೆ ಹೋಗತೊಡಗಿತು. ಎಡಗೈಯಿಂದ ಅದನ್ನು ಹಿಡಿದುಕೊಂಡೇ ಅಕ್ಷರ ಹೇಳಿಕೊಟ್ಟಳು.

ಇವತ್ತು ಊಟಕ್ಕೆ ಮುಂಚೆ ಸೈರನ್ ಕೂಗಿತು. ಅಣಕೋ ನಿಜವೋ, ಯಾರೂ ಹೇಳಲಿಲ್ಲ. ದೂರದಲ್ಲಿ ಢಂ ಎಂದಿತು. ವರ್ನಾ ದೀಪ ಆರಿಸಿ ಮಕ್ಕಳನ್ನು ಮೂಲೆಗೆ ಸೇರಿಸಿದಳು. ಒಬ್ಬ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ಬಾಗಿಲ ತನಕ ಹೋದಳು. ಹಿಂದೆ ಹೆಜ್ಜೆ. ಕೈ ಸೊಂಟ ಮುಟ್ಟಿತ್ತು, ಪಿಸ್ತೂಲು ಅರ್ಧ ಹೊರಗೆ ಬಂದಿತ್ತು. ಈ ಸಲ ಅದು ರಬ್ಬರಲ್ಲ.

ಜೋಸಿಯೇ.

ವರ್ನಾ ಪಿಸ್ತೂಲನ್ನು ಬೀರುವಿನೊಳಗಿಟ್ಟು ಬೀಗ ತಿರುವಿದಳು. ಬಾಗಿಲಿಗೂ ಒಳಗಿನಿಂದ ಬೀಗ ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತಳು. ಜೋಸಿ ಬಂದು ಪಕ್ಕದಲ್ಲಿ ಮುದುರಿಕೊಂಡು ಅವಳ ಸೊಂಟಕ್ಕೆ ಕೆನ್ನೆ ಒತ್ತಿದಳು.

ಬಾಗಿಲು ದಡದಡ ಅಂದಿತು. "ವರ್ನಾ! ಆಚೆ ಬಾ! ಸದ್ದಿನ ಕಡೆ ಓಡು! ಯಾಕೇ ಒಳಗೇ ಕೂತಿದೀಯ?" ಹೊರಗಿದ್ದದ್ದು ಡೆಲ್ಬರ್ಟ್.

ಜೋಸಿ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು: "ಯಾರು ಕರೆದ್ರೂ ತೆಗೀಬಾರ್ದು."

"ತೆಗೆಯೇ! ನಾನು ಹೇಳ್ತಾ ಇದೀನಿ!"

"ಇಲ್ಲ ಡೆಲ್," ಎಂದಳು ವರ್ನಾ. "ನಾನು ತೆಗೆಯಲ್ಲ."