ಬಾಗಿಲಲ್ಲಿ ನಿಂತವಳು

"ಇದೇ ನನ್ನ ಬಸ್ಸು," ಎಂದು ಕಿಸೊಕ್ ಅದರ ಮೂತಿಯ ಮೇಲೆ ಕೈಯಿಟ್ಟ. "ಮತ್ತೆ ಓಡೋ ಹಾಗೆ ಮಾಡೋಕೆ ಸಾಕ್‌ಸಾಕಾಯ್ತು, ಅತ್ತೆ. ಬಣ್ಣ ಮಾತ್ರ ಅಂದಾಜಿನ ಮೇಲೆ ಬಳಿದಿದ್ದೀವಿ."

ಬಣ್ಣ ಸರಿಯಾಗಿಯೇ ಇತ್ತು. ಹೊಟ್ಟೆಯ ಕೆಳಗೆ ನೀಲಿ, ಮೇಲೆ ಕೆನೆ. ಮಾಲ್ಸುನ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎಂದೋ ಸತ್ತು ಮಣ್ಣಾಯಿತೆಂದುಕೊಂಡಿದ್ದ ಹುಲಿಯೊಂದು ಮಿಂದು, ಮೈ ಒರೆಸಿಕೊಂಡು ಬಂದು ಮ್ಯೂಸಿಯಮ್ಮಿನ ಅಂಗಳದಲ್ಲಿ ಕೂತಂತಿತ್ತು.

ಮದುವೆ ಮಾತುಕತೆಗೆಂದು ಎರಡು ಮನೆಯವರು ಸೇರಿ ಉಂಡ ಮೊದಲ ಊಟ ಈಗಷ್ಟೇ ಮುಗಿದಿತ್ತು. ಹುಡುಗ ಕಿಸೊಕ್, ಸುವೊನ್ ಊರಿನ ಹೊರವಲಯದ ಈ ಸಾರಿಗೆ ಮ್ಯೂಸಿಯಮ್ಮಿನಲ್ಲಿ ಹಳೆಯ ಗಾಡಿಗಳನ್ನು ರಿಪೇರಿ ಮಾಡುವವನು. ಅವನ ಕೆಲಸ ನೋಡಿಕೊಂಡೇ ಹೋಗೋಣವೆಂದು ಮಾಲ್ಸುನ್‌ಳ ಮಗಳು ಸೊಲ್ಹಿ ಹಟ ಹಿಡಿದಿದ್ದಳು. ಊಟದ ನಡುವೆ ಹುಡುಗನ ತಾಯಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಹ್ವಾಂಗ್ ಮೇಡಂ, ಮೀನಿನ ಮುಳ್ಳು ಬಿಡಿಸುತ್ತ "ಬೀಗರು ಓದಿದ್ದೆಲ್ಲಿ?" ಎಂದು ಕೇಳಿದ್ದರು. ಮಾಲ್ಸುನ್ ಬಾಯಿ ತೆರೆಯುವ ಮೊದಲೇ ಸೊಲ್ಹಿ ಹೇಳಿದ್ದಳು: "ಅಮ್ಮ ಸಿಯೋಲಲ್ಲೇ ಹೈಸ್ಕೂಲು ಮುಗಿಸಿದ್ದು. ಹಳ್ಳಿಯಿಂದ ಒಬ್ಳೇ ಬಂದು."

ಒಬ್ಬಳೇ ಬಂದದ್ದು ನಿಜ. ಆದರೆ ಶಾಲೆಯನ್ನು ಅವಳು ಕಂಡದ್ದು ಬಸ್ಸಿನ ಬಾಗಿಲಿನಿಂದ. ಕಂಡಕ್ಟರ್ ಕೆಲಸದಲ್ಲಿದ್ದ ಅವಳು ಬಿಳಿ ಕಾಲರಿನ ಹುಡುಗಿಯರನ್ನು ಅದರ ಗೇಟಿನ ಎದುರು ಇಳಿಸುತ್ತಿದ್ದಳು. ಪಾಳಿ ಮುಗಿದ ಮೇಲೆ ಡಿಪೋದಲ್ಲಿ ಕಂಡಕ್ಟರ್ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಏನಾದರೂ ಕದ್ದಿದ್ದಾರೆಯೇ ಎಂದು ಮೈ ತಡಕುತ್ತಿದ್ದರು. ಆ ಕೈಗಳ ವಿಷಯ ಗಂಡನಿಗೆ ಹೇಳಲಾರದೆ ಅವಳು ತನಗಾಗಿ ಮಾತಿನಲ್ಲೇ ಶಾಲೆಯೊಂದನ್ನು ಕಟ್ಟಿಕೊಂಡಳು. ಗಂಡ ಹೋದ ಮೇಲೂ ಶಾಲೆ ಉಳಿಯಿತು. ಮಗಳನ್ನು ಮಲಗಿಸುವಾಗ ಹೇಳುವ ಕತೆಯಾಗಿ ಬೆಳೆಯಿತು. ಅದರ ಅಂಗಳದಲ್ಲಿ ಹಳದಿ ಎಲೆಯ ಗಿಂಕ್ಗೊ ಮರ ಹುಟ್ಟಿತು, ಹಾಡು ಕಲಿಸುವ ಟೀಚರೊಬ್ಬರು ಬಂದು ಸೇರಿದರು.

"ನಾನೂ ಇಂಥ ಬಸ್ಸಲ್ಲೇ ಶಾಲೆಗೆ ಹೋಗ್ತಿದ್ದೆ," ಎಂದರು ಹ್ವಾಂಗ್ ಮೇಡಂ. "ಬಾಗಿಲಲ್ಲಿ ಒಬ್ಬಳು ನಿಂತಿರೋಳು ನೋಡಿ, ದನ ನೂಕಿದ ಹಾಗೆ ನೂಕೋಳು. ಅವಳ ಕೈ ನಮ್ಮ ಕಾಲರಿಗೆ ತಾಗಿದ್ರೆ ಒರೆಸ್ಕೊತಿದ್ವಿ. ನೆನಪಿದೆಯಾ ನಿಮಗೆ, ಬೀಗರೇ?"

"ಇದೆ," ಎಂದಳು ಮಾಲ್ಸುನ್.

ಕಿಸೊಕ್ ಡ್ರೈವರ್ ಸೀಟಿಗೆ ಏರಿದ. ಅಂಗಳದಲ್ಲೇ ಒಂದು ಸುತ್ತು ಹೊಡೆಯುವುದೆಂದಾಗಿತ್ತು. ಹ್ವಾಂಗ್ ಮೇಡಂ, ಸೊಲ್ಹಿ ಒಳಗೆ ಹೋಗಿ ಕೂತರು. ಅಷ್ಟರಲ್ಲಿ ಮ್ಯೂಸಿಯಂ ನೋಡಲು ಬಂದಿದ್ದ ಶಾಲೆಮಕ್ಕಳ ದಂಡು ನುಗ್ಗಿ ಬಾಗಿಲಲ್ಲೇ ಕಿಕ್ಕಿರಿಯಿತು. "ಹಿಂದೆ ಹೋಗ್ರೋ," ಎಂದು ಅವರ ಮೇಷ್ಟ್ರು ಒಳಗಿನಿಂದ ಕೂಗುತ್ತಲೇ ಇದ್ದರು. ಮಾಲ್ಸುನ್ ಇನ್ನೂ ಕೆಳಗಿದ್ದಳು. ಎಲ್ಲರೂ ಹತ್ತಿದರೆಂದುಕೊಂಡು ಕಿಸೊಕ್ ಕ್ಲಚ್ ಬಿಟ್ಟ. ಬಸ್ಸು ಜಗ್ಗಿತು. ಮೆಟ್ಟಿಲಲ್ಲಿದ್ದ ದಪ್ಪ ಹುಡುಗಿಯೊಬ್ಬಳ ಕಾಲು ಜಾರಿತು.

ಮುಂದಿನದನ್ನು ಮಾಲ್ಸುನ್‌ಳ ಮೈ ಅವಳನ್ನು ಕೇಳದೆ ಮಾಡಿತು. ಎರಡೂ ಕೈ ಬಾಗಿಲ ಕಂಬಿ ಹಿಡಿದವು, ಪಾದ ಮೆಟ್ಟಿಲೇರಿತು, ಹೊಟ್ಟೆ ಮುಂದೆ ಬಂದು ಆ ಹುಡುಗಿಯನ್ನೂ ಅವಳ ಮುಂದಿನವರನ್ನೂ ಒಟ್ಟಿಗೆ ಒಳಗೆ ನೂಕಿತು. ಆಮೇಲೆ ಬೆನ್ನು ಮಕ್ಕಳಿಗೆ ತಡೆಯಾಗಿ ತಿರುಗಿತು, ಎಡಗೈ ಹೊರಗೆ ಹೋಗಿ ತಗಡನ್ನು ಟಪಟಪ ಬಡಿಯಿತು.

"ಓರಾ...ಯ್."

ಆಲ್ ರೈಟ್, ಹೊರಡು ಎಂಬ ಕೂಗು; ಮೂಗಿನಿಂದ ಎಳೆದ, ಹದಿನೇಳರ ಹುಡುಗಿಯ ದನಿ. ಮಕ್ಕಳು ಬಿದ್ದು ಬಿದ್ದು ನಕ್ಕರು. "ಅಜ್ಜಿ, ಇನ್ನೊಂದ್ಸಲ." ಮುಂದಿನಿಂದ ಕಿಸೊಕ್ ಕೂಗಿದ: "ಥೇಟ್ ಕಂಡಕ್ಟರ್ ಹಾಗೇ ಇದೆ, ಅತ್ತೆ. ಎಲ್ಲಿ ಕಲಿತ್ರಿ?"

ಹ್ವಾಂಗ್ ಮೇಡಂ ನಗಲಿಲ್ಲ. ಅವರ ಕಣ್ಣು ಆ ಕೈಯ ಮೇಲಿತ್ತು. "ಅದು ನೋಡಿ ಕಲಿಯೋ ಅಂಥದಲ್ಲ," ಎಂದರು ಮೆಲ್ಲಗೆ.

ಸೊಲ್ಹಿ ಮಕ್ಕಳ ನಡುವೆ ದಾರಿ ಮಾಡಿಕೊಂಡು ಬಾಗಿಲ ತನಕ ಬಂದಳು. "ಅಮ್ಮಾ, ಹಾಡು ಕಲಿಸ್ತಿದ್ದ ಟೀಚರು?"

ಮಾಲ್ಸುನ್ ತಿರುಗುವಂತಿರಲಿಲ್ಲ. ತಿರುಗಿದರೆ ಮಕ್ಕಳು ಹೊರಗೆ ಬೀಳುತ್ತಿದ್ದರು. "ಇರ್ಲಿಲ್ಲ ಕಣೇ," ಎಂದಳು, ಹೊರಗಿನ ಅಂಗಳಕ್ಕೆ ಹೇಳುವಂತೆ.

"ಆ ಮರ?"

"ಮರ ಇತ್ತು. ಗೇಟಿನ ಹೊರಗೆ."

ಸೊಲ್ಹಿ ಹಿಂದಿನ ಸೀಟಿಗೆ ಹೋದಳು.

ಬಸ್ಸು ನಿಂತಿತು. ಮಾಲ್ಸುನ್ ಮೊದಲು ಇಳಿದು ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿದಳು. ಹ್ವಾಂಗ್ ಮೇಡಂ ಮೆಟ್ಟಿಲಿಗೆ ಬಂದಾಗ ಕೈ ಚಾಚಿದಳು. ಅವರು ಮಾಲ್ಸುನ್ ಇದ್ದ ಕಡೆಯ ಕೈಗೆ ಬ್ಯಾಗು ಬದಲಾಯಿಸಿಕೊಂಡು, ಇನ್ನೊಂದರಿಂದ ಕಂಬಿ ಹಿಡಿದು ತಾವೇ ಇಳಿದರು.

ಹಿಂದಿನ ಸೀಟಿನಲ್ಲಿ ಸೊಲ್ಹಿ ಕಿಟಕಿಯ ಕಡೆ ಮುಖ ಮಾಡಿ ಕೂತೇ ಇದ್ದಳು. ಇಂಜಿನ್ನಿನ ನಡುಕಕ್ಕೆ ಅವಳ ಭುಜವೂ ನಡುಗುತ್ತಿತ್ತು.

"ಎಲ್ರೂ ಇಳಿದ್ರಾ, ಅತ್ತೆ? ಆಫ್ ಮಾಡ್ಲಾ?"

"ಇನ್ನೂ ಒಬ್ರಿದಾರೆ," ಎಂದಳು ಮಾಲ್ಸುನ್. ಮಡಚಿಕೊಳ್ಳಲು ಬರುತ್ತಿದ್ದ ಬಾಗಿಲಿಗೆ ಹೆಗಲು ಕೊಟ್ಟು, ಕೆಳಗೇ ನಿಂತಳು.